ತೆಗೆದ ಚಿತ್ರವನ್ನು ತೋರಿಸುವ ಹಟ

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಬೆಳೆದವಳು. ಊರು ಉಡುಪಿ ಕಡೆ. ಈಗ ಮುಂಬೈಯ ಕಾಲೇಜೊಂದರಲ್ಲಿ ಮಾಧ್ಯಮ ವಿಷಯ ಓದುತ್ತಿದ್ದೇನೆ. ಸಮಾಜದ ಸಮಸ್ಯೆಗಳ ಬಗ್ಗೆ ಸ್ವತಂತ್ರವಾಗಿ ಸಾಕ್ಷ್ಯಚಿತ್ರ ಮಾಡಬೇಕೆಂಬ ಆಸೆ ಇದೆ. ಮನೆಯಲ್ಲಿ ಹೇಳಿದರೆ ಅಪ್ಪ, ‘ಅದರಲ್ಲಿ ಹೊಟ್ಟೆ ತುಂಬುತ್ತದಾ ಮಗಾ? ಅಂಥ ಸಿನಿಮಾ ನೋಡುವವರಾದರೂ ಯಾರು?’ ಎಂದು ಕೇಳುತ್ತಾರೆ. ಕಂಪನಿಯ ಆಸರೆಯಾಗಲಿ, ಸರ್ಕಾರದ ಆಸರೆಯಾಗಲಿ ಇಲ್ಲದೆ ಜೀವನವಿಡೀ ಇದೇ ಕೆಲಸ ಮಾಡಿದವರು ಇದ್ದಾರೆಯೇ? ಅವರ ವೃತ್ತಿ ಹೇಗೆ ನಡೆಯಿತು?
— ಒಬ್ಬ ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಇದ್ದಾರೆ. ಅದೂ ನೀವು ಓದುತ್ತಿರುವ ಊರಿನಲ್ಲೇ. ಆನಂದ್ ಪಟವರ್ಧನ್ 1950ರಲ್ಲಿ ಮುಂಬೈಯಲ್ಲಿ ಹುಟ್ಟಿದವರು. 1970ರ ದಶಕದ ನಡುವಿನಿಂದ 2023ರವರೆಗೆ, ಅಂದರೆ ಸುಮಾರು ಐವತ್ತು ವರ್ಷ, ಸಾಕ್ಷ್ಯಚಿತ್ರ ಬಿಟ್ಟು ಬೇರೆ ಸಿನಿಮಾ ಮಾಡಿದವರಲ್ಲ. ಜಾಹೀರಾತು ಮಾಡಲಿಲ್ಲ, ಕಥಾಚಿತ್ರಕ್ಕೆ ಹೋಗಲಿಲ್ಲ. ನಿಮ್ಮ ಪ್ರಶ್ನೆಗೂ ನಿಮ್ಮ ತಂದೆಯವರ ಪ್ರಶ್ನೆಗೂ ಅವರ ವೃತ್ತಿಯನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ.

ಮೊದಲೇ ಒಂದು ಮಾತು. ಈ ವೃತ್ತಿ ಎಂದರೆ ಕ್ಯಾಮೆರಾ ಹಿಡಿದು ಬಡವರ ಕಷ್ಟ ಚಿತ್ರೀಕರಿಸುವುದು ಎಂದು ಹೊರಗಿನವರಿಗೆ ಕಾಣುತ್ತದೆ. ಪಟವರ್ಧನ್ ಅವರ ಬದುಕನ್ನು ಹತ್ತಿರದಿಂದ ನೋಡಿದರೆ ಚಿತ್ರ ತೆಗೆದದ್ದು ಅರ್ಧ ಕೆಲಸ ಮಾತ್ರ. ತೆಗೆದದ್ದನ್ನು ಜನರಿಗೆ ತೋರಿಸಲು ಅವರು ಪಟ್ಟ ಪಾಡು ಉಳಿದರ್ಧ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ಅವರ ಸ್ವಾತಂತ್ರ್ಯ ನಿಂತಿರುವುದೂ ಅದರ ಮೇಲೆ.

ಸರ್ಕಾರದ ಚಿತ್ರ, ಸ್ವಂತ ಚಿತ್ರ

ನಿಮ್ಮ ತಂದೆಯವರ ವಯಸ್ಸಿನವರಿಗೆ ಸಾಕ್ಷ್ಯಚಿತ್ರ ಎಂದಕೂಡಲೇ ಥಿಯೇಟರಿನಲ್ಲಿ ಸಿನಿಮಾ ಶುರುವಾಗುವ ಮುಂಚೆ ಬರುತ್ತಿದ್ದ ನ್ಯೂಸ್ ರೀಲ್ ನೆನಪಾಗುತ್ತದೆ. ಅಣೆಕಟ್ಟಿನ ಉದ್ಘಾಟನೆ, ಮಂತ್ರಿಗಳ ಪ್ರವಾಸ, ಕುಟುಂಬ ಯೋಜನೆಯ ಪ್ರಚಾರ ಮುಗಿದ ಮೇಲೆ ಅಸಲಿ ಸಿನಿಮಾ. ಅವನ್ನು ತಯಾರಿಸುತ್ತಿದ್ದ ಫಿಲ್ಮ್ಸ್ ಡಿವಿಷನ್ 1948ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಕಚೇರಿ ಇದ್ದದ್ದು ಮುಂಬೈಯ ಪೆಡ್ಡರ್ ರಸ್ತೆಯಲ್ಲಿ. ಅಲ್ಲಿ ಒಳ್ಳೆಯ ಕೆಲಸ ಮಾಡಿದವರೂ ಇದ್ದರು. ಆದರೂ ಸಾಕ್ಷ್ಯಚಿತ್ರಕ್ಕೆ ದುಡ್ಡು ಕೊಡುವವರೂ ಅದನ್ನು ದೇಶದ ಥಿಯೇಟರುಗಳಿಗೆ ಹಂಚುವವರೂ ಒಬ್ಬರೇ, ಅದು ಸರ್ಕಾರ, ಎಂಬ ಸ್ಥಿತಿ ಹಲವು ದಶಕ ನಡೆಯಿತು. ಸರ್ಕಾರವನ್ನೇ ಪ್ರಶ್ನಿಸುವ ಚಿತ್ರ ಮಾಡುವವನಿಗೆ ಆ ದಾರಿಯಲ್ಲಿ ಜಾಗ ಇರಲಿಲ್ಲ.

ಕಾನೂನೂ ಅನುಕೂಲವಾಗಿರಲಿಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕವಾಗಿ ತೋರಿಸುವ ಯಾವ ಚಿತ್ರಕ್ಕಾದರೂ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಮುಂಬೈಯ ಲೇಖಕ, ನಿರ್ದೇಶಕ ಖ್ವಾಜಾ ಅಹ್ಮದ್ ಅಬ್ಬಾಸ್ ಮಹಾನಗರಗಳ ಐಷಾರಾಮ ಮತ್ತು ಬಡತನವನ್ನು ಎದುರುಬದುರು ಇಟ್ಟು ತೋರಿಸುವ ಒಂದು ಕಿರುಚಿತ್ರ ಮಾಡಿದ್ದರು. ವೇಶ್ಯಾವಾಟಿಕೆಯ ದೃಶ್ಯಗಳ ಕಾರಣಕ್ಕೆ ಅದಕ್ಕೆ ಎಲ್ಲರೂ ನೋಡಬಹುದಾದ ‘ಯು’ ಪ್ರಮಾಣಪತ್ರ ಸಿಗದೆ ಅವರು ಸುಪ್ರೀಂ ಕೋರ್ಟಿಗೆ ಹೋದರು. 1970ರ ತೀರ್ಪು, ಸಿನಿಮಾಕ್ಕೆ ಬಿಡುಗಡೆಗೂ ಮುಂಚಿನ ಸೆನ್ಸಾರ್ ಸಂವಿಧಾನಬದ್ಧವೇ ಎಂದು ಎತ್ತಿಹಿಡಿಯಿತು. ಪತ್ರಿಕೆಯಲ್ಲಿ ಬರೆಯುವವನು ಮೊದಲು ಬರೆದು ಆಮೇಲೆ ಕೋರ್ಟಿಗೆ ಉತ್ತರ ಹೇಳಬಹುದು. ಸಿನಿಮಾ ಮಾಡುವವನು ಮೊದಲೇ ಅನುಮತಿ ಪಡೆಯಬೇಕು. ಈ ವ್ಯತ್ಯಾಸ ಇಂದಿಗೂ ಇದೆ. ಪಟವರ್ಧನ್ ಚಿತ್ರರಂಗಕ್ಕೆ ಕಾಲಿಟ್ಟದ್ದು ಈ ತೀರ್ಪು ಬಂದ ಕೆಲವೇ ವರ್ಷಗಳಲ್ಲಿ.

ಚಳವಳಿಯಿಂದ ಕ್ಯಾಮೆರಾಕ್ಕೆ

ಅವರ ಮನೆತನದ ವಿಷಯ ಹೇಳಲೇಬೇಕು. ದೊಡ್ಡಪ್ಪಂದಿರಲ್ಲಿ ಒಬ್ಬರು ಅಚ್ಯುತ ಪಟವರ್ಧನ್. 1942ರ ಚಳವಳಿಯಲ್ಲಿ ಭೂಗತರಾಗಿ ದುಡಿದ ಸಮಾಜವಾದಿ ನಾಯಕ. ತಾಯಿ ನಿರ್ಮಲಾ ಸಿಂಧ್ ಮೂಲದವರು, ಶಾಂತಿನಿಕೇತನದಲ್ಲಿ ಕಲಿತವರು, ಕುಂಬಾರಿಕೆಯಲ್ಲಿ ದೊಡ್ಡ ಹೆಸರು. ಆನಂದ್ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಅಮೆರಿಕದ ಬ್ರ್ಯಾಂಡೈಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಸಮಾಜಶಾಸ್ತ್ರ ಓದಿದರು. ಇದನ್ನೆಲ್ಲ ಮುಚ್ಚಿಟ್ಟು ‘ಬರಿಗೈಯಲ್ಲಿ ಬಂದು ಸಾಧಿಸಿದರು’ ಎಂದು ಬರೆದರೆ ನಿಮ್ಮ ತಂದೆಯವರ ಪ್ರಶ್ನೆಗೆ ಅನ್ಯಾಯ ಮಾಡಿದಂತಾಗುತ್ತದೆ. ಅವರಿಗೆ ಓದಿನ ಬಲ ಇತ್ತು, ಮನೆಯವರ ಬೆಂಬಲ ಇತ್ತು. ಆ ಬಲವನ್ನು ಅವರು ಯಾತಕ್ಕೆ ಬಳಸಿದರು ಎಂಬುದು ಮುಖ್ಯ.

ಅಮೆರಿಕದಲ್ಲಿ ಅವರು ವಿಯೆಟ್ನಾಂ ಯುದ್ಧದ ವಿರುದ್ಧದ ವಿದ್ಯಾರ್ಥಿ ಚಳವಳಿಯಲ್ಲಿ ಇದ್ದರು. ಸೀಸರ್ ಚಾವೇಸ್ ಕಟ್ಟಿದ ಕೃಷಿ ಕಾರ್ಮಿಕರ ಸಂಘದಲ್ಲಿ ಸ್ವಯಂಸೇವಕರಾಗಿ ದುಡಿದರು. 1972ರಲ್ಲಿ ದೇಶಕ್ಕೆ ಮರಳಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಕಿಶೋರ್ ಭಾರತಿ ಎಂಬ ಗ್ರಾಮೀಣ ಸಂಸ್ಥೆ ಸೇರಿದರು. ಗಮನಿಸಿ, ಇಲ್ಲಿಯವರೆಗೆ ಸಿನಿಮಾ ಶಾಲೆಯ ಮಾತೇ ಬಂದಿಲ್ಲ. ಅವರು ಮೊದಲು ಚಳವಳಿಯ ಮನುಷ್ಯ. ಕ್ಯಾಮೆರಾ ಆಮೇಲೆ ಬಂತು.

1974ರಲ್ಲಿ ಬಿಹಾರದಲ್ಲಿ ಜಯಪ್ರಕಾಶ್ ನಾರಾಯಣ್ ನೇತೃತ್ವದ ಚಳವಳಿ ಕಾವೇರಿತ್ತು. ಪಟವರ್ಧನ್ ಅಲ್ಲಿಗೆ ಹೋಗಿ ಚಿತ್ರೀಕರಿಸಿದ್ದು ಹೆಚ್ಚಾಗಿ ಸೂಪರ್ 8 ಎಂಬ ಪುಟ್ಟ ಕ್ಯಾಮೆರಾದಲ್ಲಿ. ಮದುವೆ, ಪ್ರವಾಸ ತೆಗೆಯಲು ಮನೆಮಂದಿ ಬಳಸುತ್ತಿದ್ದ ಉಪಕರಣ ಅದು. ಒಂದು ರೀಲು ಹಾಕಿದರೆ ಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತಿತ್ತು. ಹಾಗೆ ತೆಗೆದದ್ದನ್ನು ಪರದೆಯ ಮೇಲೆ ಬಿಟ್ಟು, ಆ ಪರದೆಯನ್ನೇ 16 ಎಂಎಂ ಕ್ಯಾಮೆರಾದಿಂದ ಮತ್ತೆ ಚಿತ್ರೀಕರಿಸಿ ದೊಡ್ಡದು ಮಾಡಿಕೊಂಡರು. ‘ಕ್ರಾಂತಿ ಕೀ ತರಂಗೇಂ’ ಹುಟ್ಟಿದ್ದು ಹೀಗೆ. ಮಸುಕಾದ, ಮಚ್ಚೆಮಚ್ಚೆಯ ಚಿತ್ರ ಅದು, ಆದರೆ ಬೇರೆ ಯಾರ ಬಳಿಯೂ ಅಂಥದ್ದು ಇರಲಿಲ್ಲ.

1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂತು. ಆ ಚಿತ್ರ ತೋರಿಸುವುದು ಜೈಲಿಗೆ ಹೋಗುವ ದಾರಿಯಾಯಿತು. ಪ್ರತಿಯನ್ನು ತುಂಡು ತುಂಡು ಮಾಡಿ ಬೇರೆ ಬೇರೆಯವರ ಕೈಯಲ್ಲಿ ವಿದೇಶಕ್ಕೆ ಕಳಿಸಿ ಅಲ್ಲಿ ಜೋಡಿಸಿಕೊಂಡರು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಅದನ್ನು ಅಲ್ಲಲ್ಲಿ ತೋರಿಸುತ್ತಾ ತುರ್ತು ಪರಿಸ್ಥಿತಿಯ ಸಂಗತಿಯನ್ನು ಹೊರಗಿನ ಜನರಿಗೆ ತಲುಪಿಸಿದರು. ತೆಗೆಯುವುದು ಒಂದು ಕೆಲಸ, ತೋರಿಸುವುದು ಇನ್ನೊಂದು ಎಂಬ ಪಾಠ ಮೊದಲ ಚಿತ್ರದಲ್ಲೇ ಸಿಕ್ಕಿತ್ತು. ತುರ್ತು ಪರಿಸ್ಥಿತಿ ಮುಗಿದ ಮೇಲೆ ರಾಜಕೀಯ ಕೈದಿಗಳ ಬಗ್ಗೆ ‘ಜಮೀರ್ ಕೇ ಬಂದೀ’ (1978), ಕೆನಡಾದ ಭಾರತೀಯ ಮೂಲದ ಕೃಷಿ ಕಾರ್ಮಿಕರು ಸಂಘ ಕಟ್ಟಿದ ಬಗ್ಗೆ ‘ಎ ಟೈಮ್ ಟು ರೈಸ್’ (1981) ಬಂದವು.

ಮುಂಬೈ ಕೇಳಿದ ಪ್ರಶ್ನೆ

ನಿಮಗೆ ಹತ್ತಿರವಾಗುವುದು ಮುಂದಿನ ಚಿತ್ರ, ‘ಹಮಾರಾ ಶಹರ್’ (1985). 1981ರ ಮಳೆಗಾಲದಲ್ಲಿ ಅಂದಿನ ಮಹಾರಾಷ್ಟ್ರ ಸರ್ಕಾರ ಮುಂಬೈಯ ಫುಟ್‌ಪಾತ್ ನಿವಾಸಿಗಳ ಗುಡಿಸಲು ಕಿತ್ತು ಅವರನ್ನು ಬಸ್ಸಿನಲ್ಲಿ ಊರ ಹೊರಗೆ ಸಾಗಿಸಲು ಹೊರಟಿತ್ತು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತಿತರರು ನ್ಯಾಯಾಲಯಕ್ಕೆ ಹೋದರು. ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1985ರ ಜುಲೈಯಲ್ಲಿ ಹೇಳಿದ್ದು ಆ ಪ್ರಕರಣದಲ್ಲೇ. ಆದರೆ ನೋಟಿಸ್ ಕೊಟ್ಟು ಎಬ್ಬಿಸಬಹುದು ಎಂದೂ ಅದೇ ತೀರ್ಪು ಹೇಳಿತು. ಆ ಕಾಲದ ಮುಂಬೈಯನ್ನು ‘ಹಮಾರಾ ಶಹರ್’ ಹಿಡಿದಿಟ್ಟಿದೆ. ಕಟ್ಟಡ ಕಟ್ಟುವ ಕೂಲಿಗಳಿಗೆ ತಲೆಯ ಮೇಲೆ ಸೂರಿಲ್ಲ. ಊರು ಚೊಕ್ಕಟವಾಗಬೇಕು ಎಂದು ಮಾತಾಡುವವರ ಮನೆಗೆಲಸ ಮಾಡುವವರೂ ಅದೇ ಜೋಪಡಿಗಳಿಂದ ಬರುತ್ತಾರೆ.

ಆ ಚಿತ್ರದಲ್ಲಿ ಒಂದು ದೃಶ್ಯವಿದೆ. ಮನೆ ಕಳೆದುಕೊಂಡ ಹೆಂಗಸೊಬ್ಬಳು ಕ್ಯಾಮೆರಾದತ್ತ ತಿರುಗಿ ನಿರ್ದೇಶಕನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಬಡವರ ಫೋಟೊ ಹಿಡಿದು ಹೆಸರು ಮಾಡುವವರು ನೀವು, ಇದರಿಂದ ನಮಗೇನು ಸಿಗುತ್ತದೆ ಎಂಬರ್ಥದ ಮಾತು. ಬೇರೆ ಯಾರಾದರೂ ಆಗಿದ್ದರೆ ಆ ತುಣುಕನ್ನು ಸಂಕಲನದ ಮೇಜಿನಲ್ಲೇ ಬಿಡುತ್ತಿದ್ದರು. ಪಟವರ್ಧನ್ ಉಳಿಸಿಕೊಂಡರು. ಸಾಮಾಜಿಕ ವಿಷಯದ ಚಿತ್ರ ಮಾಡಬೇಕೆನ್ನುವ ಎಲ್ಲರೂ ಈ ಒಂದು ದೃಶ್ಯವನ್ನಾದರೂ ನೋಡಬೇಕು. ಇನ್ನೊಬ್ಬರ ನೋವನ್ನು ನಿಮ್ಮ ಚಿತ್ರಕ್ಕೆ ತೆಗೆದುಕೊಂಡ ಮೇಲೆ ನೀವು ಅವರಿಗೆ ಏನು ಬಾಕಿ ಇದ್ದೀರಿ ಎಂಬ ಪ್ರಶ್ನೆ ಅದು. ಮಾತಿನ ಸಮಾಧಾನದಿಂದ ಅದು ತೀರುವುದಿಲ್ಲ.

ಪಟವರ್ಧನ್ ಅವರು ಉತ್ತರಿಸಿದ್ದು ಚಿತ್ರ ಮುಗಿದ ಮೇಲೆ. ಅವರು ವಸತಿ ಹಕ್ಕಿನ ಹೋರಾಟಕ್ಕೆ, ನಿವಾರಾ ಹಕ್ಕ ಸುರಕ್ಷಾ ಸಮಿತಿಗೆ ಸೇರಿಕೊಂಡರು. 1986ರಲ್ಲಿ ದಕ್ಷಿಣ ಮುಂಬೈಯ ಸಂಜಯ್ ಗಾಂಧಿ ನಗರ ಎಂಬ ಜೋಪಡಪಟ್ಟಿಯನ್ನು ನೆಲಸಮ ಮಾಡಿದಾಗ ನಟಿ ಶಬಾನಾ ಆಜ್ಮಿ ಮತ್ತು ನಿವಾಸಿಗಳ ಜೊತೆ ಉಪವಾಸ ಕುಳಿತರು. ಕೊನೆಗೆ ಆ ಕುಟುಂಬಗಳಿಗೆ ಗೋರೆಗಾಂವ್‌ನಲ್ಲಿ ಬದಲಿ ಜಾಗ ಸಿಕ್ಕಿತು. ಒಂದು ಸಾಕ್ಷ್ಯಚಿತ್ರದಿಂದ ಕಾನೂನು ಬದಲಾಯಿತು, ಸರ್ಕಾರ ಬಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಚಿತ್ರ ಮಾಡಿದವನು ಆ ಜನರ ಪಕ್ಕದಲ್ಲಿ ಕುಳಿತ, ಅವರಿಗೆ ನೆಲ ಸಿಕ್ಕಿತು. ಇದು ಸಣ್ಣ ಸಂಗತಿಯಲ್ಲ.

ಸೆನ್ಸಾರ್, ದೂರದರ್ಶನ, ನ್ಯಾಯಾಲಯ

‘ಹಮಾರಾ ಶಹರ್’ಗೆ ರಾಷ್ಟ್ರಪ್ರಶಸ್ತಿ ಬಂತು. ಆಗ ದೇಶದಲ್ಲಿ ಇದ್ದದ್ದು ಒಂದೇ ಟಿವಿ, ದೂರದರ್ಶನ. ಸರ್ಕಾರವೇ ಪ್ರಶಸ್ತಿ ಕೊಟ್ಟ ಚಿತ್ರವನ್ನು ಸರ್ಕಾರದ್ದೇ ಟಿವಿ ತೋರಿಸಲು ಒಪ್ಪಲಿಲ್ಲ. ಪಟವರ್ಧನ್ ಬಾಂಬೆ ಹೈಕೋರ್ಟಿಗೆ ಹೋದರು. ವರ್ಷಗಟ್ಟಲೆ ಓಡಾಡಿ ಗೆದ್ದರು. ಅಲ್ಲಿಂದ ಮುಂದೆ ಇದು ಅವರ ವೃತ್ತಿಯ ಕ್ರಮವೇ ಆಯಿತು. ಸೆನ್ಸಾರ್ ಮಂಡಳಿಗೆ ಹೋಗುವುದು, ಕತ್ತರಿ ಹಾಕಿದರೆ ಒಪ್ಪದಿರುವುದು, ಪ್ರಮಾಣಪತ್ರ ಸಿಕ್ಕಮೇಲೆ ದೂರದರ್ಶನಕ್ಕೆ ಕೊಡುವುದು, ನಿರಾಕರಿಸಿದರೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು.

ಸೆನ್ಸಾರನ್ನೇ ವಿರೋಧಿಸುವವರು ಅದರ ಪ್ರಮಾಣಪತ್ರಕ್ಕೆ ಯಾಕೆ ಇಷ್ಟು ಗುದ್ದಾಡಬೇಕು ಎಂದು ನಿಮಗೆ ಅನ್ನಿಸಬಹುದು. ಕಾರಣ ಸರಳ. ಕೈಯಲ್ಲಿ ಆ ಕಾಗದ ಇದ್ದರೆ ಚಾಳಿನ ಅಂಗಳದಲ್ಲೋ ಕಾಲೇಜಿನ ಸಭಾಂಗಣದಲ್ಲೋ ಚಿತ್ರ ತೋರಿಸುವಾಗ ಯಾರಾದರೂ ಬಂದು ‘ನಿಲ್ಲಿಸಿ’ ಎಂದರೆ, ಇದು ಕಾನೂನಿನ ಪ್ರಕಾರ ಪಾಸಾದ ಚಿತ್ರ, ರಕ್ಷಣೆ ಕೊಡಬೇಕಾದದ್ದು ನಿಮ್ಮ ಕೆಲಸ ಎಂದು ಪೊಲೀಸರಿಗೇ ಹೇಳಬಹುದು. ತಡೆಯಲೆಂದು ಮಾಡಿದ ಬಾಗಿಲನ್ನೇ ಅವರು ಗುರಾಣಿ ಮಾಡಿಕೊಂಡರು.

ಕೆಲವು ಪ್ರಕರಣಗಳನ್ನು ನೋಡಿ. ‘ರಾಮ್ ಕೇ ನಾಮ್’ ಚಿತ್ರೀಕರಣ ನಡೆದದ್ದು ಅಯೋಧ್ಯೆಯ ರಾಮಮಂದಿರಕ್ಕಾಗಿ ಹೊರಟ 1990ರ ರಥಯಾತ್ರೆಯ ದಿನಗಳಲ್ಲಿ. ಚಿತ್ರ 1992ರಲ್ಲಿ ಬಂತು. ಅದೇ ವರ್ಷ ಡಿಸೆಂಬರ್ 6ರಂದು ಬಾಬರಿ ಮಸೀದಿಯನ್ನು ಕೆಡವಲಾಯಿತು. ಅಯೋಧ್ಯೆಯ ವಿವಾದಿತ ಜಾಗದ ಪೂಜೆಗೆ ನ್ಯಾಯಾಲಯವೇ ನೇಮಿಸಿದ್ದ ಅರ್ಚಕ ಲಾಲ್‌ದಾಸ್ ಈ ಚಿತ್ರದಲ್ಲಿ ಬಹಳ ಶಾಂತವಾಗಿ, ಸ್ಪಷ್ಟವಾಗಿ ಮಂದಿರದ ಹೆಸರಿನ ರಾಜಕೀಯದ ವಿರುದ್ಧ ಮಾತಾಡುತ್ತಾರೆ. 1993ರಲ್ಲಿ ಅವರ ಕೊಲೆಯಾಯಿತು. ಇಂದು ಆ ಮನುಷ್ಯನ ಮುಖ ಮತ್ತು ದನಿ ನಮಗೆ ಸಿಗುವುದು ಈ ಚಿತ್ರದಲ್ಲಿ. ಪ್ರಮಾಣಪತ್ರ, ರಾಷ್ಟ್ರಪ್ರಶಸ್ತಿ ಎರಡೂ ಇದ್ದ ಈ ಚಿತ್ರ ದೂರದರ್ಶನದಲ್ಲಿ ಬಂದದ್ದು ನ್ಯಾಯಾಲಯ ಹೇಳಿದ ಮೇಲೆಯೇ. 2019ರಲ್ಲೂ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಇದನ್ನು ತೋರಿಸಲು ಹೊರಟ ವಿದ್ಯಾರ್ಥಿಗಳನ್ನು ಪೊಲೀಸರು ಕರೆದೊಯ್ದರು.

ಗಂಡಸುತನದ ಹಮ್ಮು ಮತ್ತು ಕೋಮುಹಿಂಸೆಯ ನಂಟನ್ನು ಹುಡುಕುವ ‘ಪಿತೃ, ಪುತ್ರ ಔರ್ ಧರ್ಮಯುದ್ಧ’ 1995ರಲ್ಲಿ ಬಂತು. ಇದರ ಎರಡು ಭಾಗಗಳಲ್ಲಿ ಒಂದಕ್ಕೆ ‘ಯು’, ಇನ್ನೊಂದಕ್ಕೆ ‘ಎ’ ಪ್ರಮಾಣಪತ್ರ. ಅದನ್ನೇ ನೆಪ ಮಾಡಿ, ಜನರ ಭಾವನೆ ಕೆರಳುತ್ತದೆ ಎಂದೂ ಹೇಳಿ ದೂರದರ್ಶನ ತಳ್ಳಿಹಾಕಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2006ರ ಆಗಸ್ಟಿನಲ್ಲಿ ಪಟವರ್ಧನ್ ಪರ ತೀರ್ಮಾನವಾಯಿತು. ಒಂದು ಚಿತ್ರ ಟಿವಿಯಲ್ಲಿ ಬರಲು ಹನ್ನೊಂದು ವರ್ಷ! ಚಿತ್ರವನ್ನು ಅಲ್ಲೊಂದು ಇಲ್ಲೊಂದು ದೃಶ್ಯ ಕಿತ್ತು ಅಳೆಯಬಾರದು, ಇಡಿಯಾಗಿ ನೋಡಿ ತೀರ್ಮಾನಿಸಬೇಕು ಎಂದ ಈ ತೀರ್ಪು ಮುಂದಿನವರಿಗೂ ಆಸರೆಯಾಗಿದೆ.

1998ರ ಪೋಖ್ರಾನ್ ಅಣುಪರೀಕ್ಷೆಯ ನಂತರ ಭಾರತ, ಪಾಕಿಸ್ತಾನ, ಜಪಾನ್, ಅಮೆರಿಕಗಳಲ್ಲಿ ಓಡಾಡಿ ಮಾಡಿದ ಚಿತ್ರ ‘ಜಂಗ್ ಔರ್ ಅಮನ್’ (2002). ಸೆನ್ಸಾರ್ ಮಂಡಳಿಯ ಪರಿಶೀಲನೆಯಲ್ಲಿ ಇದಕ್ಕೆ 21 ಕಡೆ ಕತ್ತರಿ ಬಿತ್ತು. ಅವರು ಒಂದಕ್ಕೂ ಒಪ್ಪಲಿಲ್ಲ. 2003ರಲ್ಲಿ ಬಾಂಬೆ ಹೈಕೋರ್ಟ್ ಒಂದೂ ಕಡಿತವಿಲ್ಲದೆ ಚಿತ್ರವನ್ನು ಬಿಡಿಸಿಕೊಟ್ಟಿತು.

ಈ ಗೆಲುವುಗಳು ಅವರೊಬ್ಬರ ಪಾಲಿಗೆ ಉಳಿಯಲಿಲ್ಲ. 2004ರ ಮುಂಬೈ ಅಂತಾರಾಷ್ಟ್ರೀಯ ಚಿತ್ರೋತ್ಸವಕ್ಕೆ ಭಾರತೀಯ ಸಾಕ್ಷ್ಯಚಿತ್ರಗಳೂ ಸೆನ್ಸಾರ್ ಪ್ರಮಾಣಪತ್ರ ತರಬೇಕು ಎಂಬ ನಿಯಮ ಬಂದಾಗ ದೇಶದ ಸಾಕ್ಷ್ಯಚಿತ್ರಕಾರರು ಒಟ್ಟಾಗಿ ಪ್ರತಿಭಟಿಸಿದರು. ನಿಯಮ ಹಿಂದೆ ಹೋಯಿತು, ಆದರೆ ರಾಜಕೀಯ ದನಿಯ ಹಲವು ಚಿತ್ರಗಳು ಆಯ್ಕೆಯಲ್ಲೇ ಬಿದ್ದುಹೋದವು. ಆಗ ಇವರೆಲ್ಲ ಸೇರಿ ಪ್ರಭಾದೇವಿಯ ಭೂಪೇಶ್ ಗುಪ್ತಾ ಭವನದಲ್ಲಿ ‘ವಿಕಲ್ಪ’ ಎಂಬ ತಮ್ಮದೇ ಉತ್ಸವ ನಡೆಸಿದರು. ಮುಂದೆ ಜುಹುವಿನಲ್ಲಿ ಪೃಥ್ವಿ ಥಿಯೇಟರಿನ ಎದುರಿನ ಪೃಥ್ವಿ ಹೌಸ್‌ನಲ್ಲಿ ತಿಂಗಳಿಗೊಮ್ಮೆ ಪ್ರದರ್ಶನವೂ ನಡೆಯಿತು. ಬಾಗಿಲು ಮುಚ್ಚಿದಾಗ ಇವರು ತಮ್ಮದೇ ಪರದೆ ಕಟ್ಟಿಕೊಂಡರು.

ನೋಡುವವರು ಯಾರು?

ತಂದೆಯವರ ಈ ಪ್ರಶ್ನೆಗೆ ‘ಜೈ ಭೀಮ್ ಕಾಮ್ರೇಡ್’ ಚಿತ್ರವೇ ಉತ್ತರ. 1997ರ ಜುಲೈ 11ರಂದು ಘಾಟ್ಕೋಪರಿನ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಯಾರೋ ಚಪ್ಪಲಿ ಹಾರ ಹಾಕಿದ್ದರು. ಪ್ರತಿಭಟಿಸಿದ ದಲಿತರ ಮೇಲೆ ಪೊಲೀಸರು ಗುಂಡು ಹಾರಿಸಿ ಹತ್ತು ಜನ ಸತ್ತರು. ಆ ದುಃಖ ತಾಳಲಾರದೆ ಕೆಲವೇ ದಿನಗಳಲ್ಲಿ ಮುಲುಂಡಿನ ತಮ್ಮ ಗುಡಿಸಲಲ್ಲಿ ಪ್ರಾಣ ಕಳೆದುಕೊಂಡವರು ಕವಿ, ಗಾಯಕ ವಿಲಾಸ್ ಘೋಗ್ರೆ. ‘ಹಮಾರಾ ಶಹರ್’ನಲ್ಲಿ ಹಾಡಿದ್ದವರು ಅವರೇ. ಗೆಳೆಯನ ಸಾವಿನಿಂದ ಶುರುವಾದ ಚಿತ್ರೀಕರಣ ಹದಿನಾಲ್ಕು ವರ್ಷ ನಡೆಯಿತು. ಗೋಲಿಬಾರ್ ಪ್ರಕರಣದ ವಿಚಾರಣೆ ಎಳೆದಾಡುತ್ತಾ ಹೋದಷ್ಟೂ ಅವರೂ ಅದರ ಹಿಂದೆಯೇ ಹೋದರು. ದಲಿತ ಶಾಹಿರರ ಹಾಡಿನ ಪರಂಪರೆ, ಪುಣೆಯ ಕಬೀರ್ ಕಲಾ ಮಂಚ್‌ನ ಯುವಕ ಯುವತಿಯರು, ಅವರ ಮೇಲೆ ಬಿದ್ದ ಮೊಕದ್ದಮೆಗಳು ಎಲ್ಲವೂ ಸೇರಿ ಮೂರು ಗಂಟೆಗೂ ಮೀರಿದ ಚಿತ್ರವಾಗಿ 2011ರಲ್ಲಿ ಮುಗಿಯಿತು.

ಅಷ್ಟು ದೊಡ್ಡ ಚಿತ್ರವನ್ನು ಯಾವ ಥಿಯೇಟರು ಹಾಕುತ್ತದೆ? ಪಟವರ್ಧನ್ 2012ರ ಆರಂಭದಲ್ಲಿ ಅದನ್ನು ಬೈಕುಲ್ಲಾದ ಬಿಐಟಿ ಚಾಳಿನಲ್ಲಿ, ಬಯಲಲ್ಲಿ ಪರದೆ ಕಟ್ಟಿ ತೋರಿಸಿದರು. ಆಮೇಲೆ ದಲಿತ ವಸತಿಗಳಲ್ಲಿ ಒಂದೊಂದಾಗಿ ತೋರಿಸುತ್ತಾ ಹೋದರು. ಚಿತ್ರ ಯಾರ ಬಗ್ಗೆಯೋ ಅವರೇ ಮೊದಲ ಪ್ರೇಕ್ಷಕರು. ತಮ್ಮವರ ಹಾಡು ಪರದೆಯಲ್ಲಿ ಬಂದಾಗ ನೆಲದ ಮೇಲೆ ಕುಳಿತು ಮೂರು ಗಂಟೆ ನೋಡುವ ಜನ ಇದ್ದಾರೆ. ಅವರನ್ನು ಬಾಕ್ಸ್ ಆಫೀಸು ಲೆಕ್ಕ ಹಿಡಿಯುವುದಿಲ್ಲ ಅಷ್ಟೇ.

ನಮ್ಮ ಕನ್ನಡಿಗರಿಗೂ ಇದರಲ್ಲಿ ಪಾಲಿದೆ. ನಾಲ್ಕು ವರ್ಷ ಬೀಗ ಬಿದ್ದ ಬಟ್ಟೆ ಗಿರಣಿಯೊಳಗೆ ಕಾರ್ಮಿಕರು ನುಗ್ಗಿದ ಕತೆ ಹೇಳುವ ‘ಆಕ್ಯುಪೇಷನ್: ಮಿಲ್ ವರ್ಕರ್’ (1996) ನೋಡಿದರೆ, 1982ರ ಗಿರಣಿ ಮುಷ್ಕರ ಕಂಡ ಹಿರಿಯರಿಗೆ ತಮ್ಮ ಪರೇಲ್, ಲಾಲ್‌ಬಾಗ್ ಮತ್ತೆ ಕಾಣುತ್ತದೆ. ದೊಡ್ಡ ಟ್ರಾಲರ್‌ಗಳು ಕಡಲು ಬರಿದು ಮಾಡುವುದನ್ನು ಪ್ರಶ್ನಿಸುವ ಮೀನುಗಾರರ ಚಿತ್ರ (1998) ಮಲ್ಪೆಯ ದಡದಲ್ಲಿ ತೋರಿಸಿದರೆ ಮಾತು ಮುಗಿಯುವುದೇ ಇಲ್ಲ. ‘ವಿವೇಕ್’ (2018) ನರೇಂದ್ರ ದಾಭೋಲ್ಕರ್, ಗೋವಿಂದ ಪಾನ್ಸರೆ ಅವರಿಂದ ಶುರುವಾಗಿ ಧಾರವಾಡದ ಎಂ.ಎಂ. ಕಲಬುರ್ಗಿ, ಬೆಂಗಳೂರಿನ ಗೌರಿ ಲಂಕೇಶ್ ಅವರ ಕೊಲೆಗಳವರೆಗೆ ಬರುತ್ತದೆ. ಆ ಚಿತ್ರಕ್ಕೆ ಆ್ಯಮ್‌ಸ್ಟರ್‌ಡ್ಯಾಮ್‌ನ ಸಾಕ್ಷ್ಯಚಿತ್ರೋತ್ಸವದಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿ ಸಿಕ್ಕಿತು. ಆದರೆ 2019ರಲ್ಲಿ ಕೇರಳದ ಉತ್ಸವದಲ್ಲಿ ತೋರಿಸಲು ಕೇಂದ್ರ ಸಚಿವಾಲಯದ ವಿನಾಯಿತಿ ಸಿಗದೆ ಕೇರಳ ಹೈಕೋರ್ಟಿನ ಅನುಮತಿ ತರಬೇಕಾಯಿತು. ಸುಮಾರು ನಾಲ್ಕು ಗಂಟೆಯ ಆ ಚಿತ್ರವನ್ನು ಅಧ್ಯಾಯಗಳಾಗಿ ಬಿಡಿಸಿ ಯೂಟ್ಯೂಬಿಗೂ ಹಾಕಿದರು. 1975ರಲ್ಲಿ ತುಂಡು ಮಾಡಿ ಕದ್ದು ಸಾಗಿಸಿದವರೇ ಈಗ ತುಂಡು ಮಾಡಿ ಎಲ್ಲರ ಫೋನಿಗೆ ತಲುಪಿಸಿದರು.

ಹೊಟ್ಟೆಪಾಡಿನ ಮಾತು

ಇನ್ನು ದುಡ್ಡು. ಇದರಲ್ಲಿ ಯಾರೂ ಶ್ರೀಮಂತರಾಗುವುದಿಲ್ಲ. ಇದನ್ನು ತಂದೆಯವರಿಗೆ ನೇರವಾಗಿ ಹೇಳಿಬಿಡಿ. ಸ್ವತಂತ್ರ ಸಾಕ್ಷ್ಯಚಿತ್ರಕಾರರ ಆದಾಯ ಹನಿಹನಿಯಾಗಿ ಬರುತ್ತದೆ. ವಿದೇಶಿ ಟಿವಿ ವಾಹಿನಿಗಳಿಗೆ ಮಾರಾಟ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಕೊಳ್ಳುವ ಪ್ರತಿ, ಪ್ರಶಸ್ತಿಯ ಹಣ, ಉಪನ್ಯಾಸದ ಗೌರವಧನ, ಪ್ರದರ್ಶನದ ಕೊನೆಯಲ್ಲಿ ಮಾರುವ ಡಿವಿಡಿ. ಆದ್ದರಿಂದ ಖರ್ಚು ಇಳಿಸುವುದೇ ಇಲ್ಲಿ ಸ್ವಾತಂತ್ರ್ಯದ ಮೊದಲ ಮೆಟ್ಟಿಲು. ಪಟವರ್ಧನ್ ತಮ್ಮ ಬಹುಪಾಲು ಚಿತ್ರಗಳ ಕ್ಯಾಮೆರಾ, ಸಂಕಲನ ತಾವೇ ಮಾಡಿಕೊಂಡವರು. ಜೊತೆಗೆ ಒಬ್ಬಿಬ್ಬರು, ಅಷ್ಟೇ ತಂಡ. ದುಡ್ಡು ಹಾಕಿದ ಧಣಿ ಇಲ್ಲದಿದ್ದರೆ ಇಷ್ಟೊತ್ತಿಗೆ ಮುಗಿಸು ಎನ್ನುವವನೂ ಇಲ್ಲ. ಹದಿನಾಲ್ಕು ವರ್ಷ ಒಂದೇ ಚಿತ್ರದ ಹಿಂದೆ ಹೋಗಲು ಸಾಧ್ಯವಾದದ್ದು ಇದರಿಂದ.

ನಿಮಗೆ ಅವರಿಗಿಲ್ಲದ ಒಂದು ಅನುಕೂಲ ಇದೆ. 16 ಎಂಎಂ ಕಾಲದಲ್ಲಿ 400 ಅಡಿಯ ಒಂದು ರೀಲು ಹನ್ನೊಂದು ನಿಮಿಷ ಓಡುತ್ತಿತ್ತು. ಕೊಳ್ಳಲು ಕಾಸು, ತೊಳೆಸಲು ಕಾಸು, ಪ್ರಿಂಟ್ ಹಾಕಿಸಲು ಕಾಸು. ಇಂದು ನಿಮ್ಮ ಜೇಬಿನ ಫೋನಿನಲ್ಲೇ ಅದಕ್ಕಿಂತ ಒಳ್ಳೆಯ ಚಿತ್ರ ಬರುತ್ತದೆ. ಆದರೆ ತೆಗೆಯುವುದು ಸುಲಭವಾದ ಮಾತ್ರಕ್ಕೆ ತೋರಿಸುವುದು ಸುಲಭವಾಗಿಲ್ಲ. ಸೆನ್ಸಾರ್ ತೀರ್ಮಾನದ ವಿರುದ್ಧ ಮೇಲ್ಮನವಿ ಕೇಳುತ್ತಿದ್ದ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದು ಮಾಡಿದ್ದಾರೆ. ಈಗ ನೇರ ಹೈಕೋರ್ಟಿಗೇ ಹೋಗಬೇಕು. ಸಣ್ಣ ಕೈಯವರಿಗೆ ಅದು ದುಬಾರಿ.

ಹೆಣ್ಣುಮಗಳಾಗಿ ನಿಮಗೆ ಇನ್ನೊಂದು ಹೆಸರು ಹೇಳುತ್ತೇನೆ, ದೀಪಾ ಧನರಾಜ್. ಬೆಂಗಳೂರಿನಲ್ಲಿ 1980ರಲ್ಲಿ ಅವರೂ ಗೆಳತಿಯರೂ, ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಅವರೂ ಸೇರಿ ‘ಯುಗಾಂತರ್’ ಎಂಬ ತಂಡ ಕಟ್ಟಿದರು. ನಮ್ಮ ಗಡಿಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರು ಸಂಘ ಕಟ್ಟಿ ಮುಷ್ಕರ ಮಾಡಿದ ಬಗ್ಗೆ 1982ರಲ್ಲಿ ಚಿತ್ರ ಮಾಡಿದರು. ಒಬ್ಬರೇ ಹೆಣಗಲಾಗದು ಎನ್ನಿಸಿದರೆ ಹೀಗೆ ಕೂಡಿ ಮಾಡುವ ದಾರಿಯೂ ಇದೆ.

ಮತ್ತೆ ಪಟವರ್ಧನ್ ಅವರ ಮಾತಿಗೆ ಬಂದರೆ, ಅವರು 2015ರಲ್ಲಿ, ಪುಣೆ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿಗಳ ಹೋರಾಟದ ಹೊತ್ತಿಗೆ, ತಮ್ಮ ರಾಷ್ಟ್ರಪ್ರಶಸ್ತಿ ಹಿಂತಿರುಗಿಸಿದರು. 2023ರಲ್ಲಿ ತಮ್ಮ ತಂದೆ ತಾಯಿಯರ ಮುದಿವಯಸ್ಸಿನ ಮಾತುಗಳನ್ನೇ ಜೋಡಿಸಿ ‘ವಸುಧೈವ ಕುಟುಂಬಕಂ’ ಎಂಬ ಚಿತ್ರ ಕೊಟ್ಟರು. ಅಷ್ಟು ವರ್ಷ ಬೀದಿ, ಬಸ್ತಿ, ನ್ಯಾಯಾಲಯ ಸುತ್ತಿದ ಕ್ಯಾಮೆರಾ ಮನೆಯೊಳಗೂ ದೇಶದ ಚರಿತ್ರೆಯನ್ನೇ ಕಂಡಿತು.

ಈಗ ನಿಮಗೆ ನನ್ನ ಸಲಹೆ. ಚಿತ್ರ ತೆಗೆಯುವುದರಿಂದ ಶುರುಮಾಡಬೇಡಿ, ತೋರಿಸುವುದರಿಂದ ಶುರುಮಾಡಿ. ‘ಹಮಾರಾ ಶಹರ್’ ಅನ್ನು ನಿಮ್ಮ ಕಾಲೇಜಿನಲ್ಲೋ ಡೊಂಬಿವಲಿಯ ಕನ್ನಡ ಸಂಘದ ಸಭಾಂಗಣದಲ್ಲೋ ಒಮ್ಮೆ ಪ್ರದರ್ಶಿಸಿ. ನಿರ್ದೇಶಕರ ಅನುಮತಿ ಕೇಳಿ, ಪ್ರೊಜೆಕ್ಟರ್ ಹೊಂದಿಸಿ, ಮೂವತ್ತು ಜನರನ್ನು ಕರೆತನ್ನಿ. ತಂದೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಮುಗಿದ ಮೇಲೆ ಜನ ಏನು ಕೇಳುತ್ತಾರೆ, ಯಾರು ಸಿಟ್ಟಾಗುತ್ತಾರೆ, ಯಾರು ಸುಮ್ಮನೆ ಕೂರುತ್ತಾರೆ ಗಮನಿಸಿ. ಅನುಮತಿ ಪಡೆಯುವ ಕಷ್ಟ, ಜಾಗ ಸಿಗದ ಕಷ್ಟ, ಬಂದವರ ಪ್ರಶ್ನೆಗೆ ನಿಂತು ಉತ್ತರಿಸುವ ಕಷ್ಟ ಮೂರೂ ಒಂದೇ ಸಂಜೆಯಲ್ಲಿ ಗೊತ್ತಾಗುತ್ತವೆ. ಆ ಮೇಲೂ ಮತ್ತೊಮ್ಮೆ ಮಾಡಬೇಕು ಅನ್ನಿಸಿದರೆ ನೀವು ಈ ವೃತ್ತಿಗೆ ಸೇರಿದವರು. ಆಗ ಕ್ಯಾಮೆರಾ ಕೈಗೆತ್ತಿಕೊಳ್ಳಿ, ಮತ್ತು ಯಾರ ಚಿತ್ರ ತೆಗೆಯುತ್ತೀರೋ ಅವರಿಗೇ ಅದನ್ನು ಮೊದಲು ತೋರಿಸುವುದಾಗಿ ಮಾತು ಕೊಡಿ. ಆ ಮಾತು ಉಳಿಸಿಕೊಂಡವರನ್ನು ಜನ ಕೈಬಿಡುವುದಿಲ್ಲ ಎಂಬ ನಂಬಿಕೆ ನನಗಿದೆ.